ಮೂರು ದಿನದ ಬಿಡುವು, ನಾಲ್ಕು ನೇಮಕ: ಒಬಾಮಾ, ಸೆನೆಟ್ ಮತ್ತು ನೋಯೆಲ್ ಕ್ಯಾನಿಂಗ್ ಪ್ರಕರಣ

2012ರ ಜನವರಿ 4, ಬುಧವಾರ. ಒಹಾಯೊ ರಾಜ್ಯದ ಶೇಕರ್ ಹೈಟ್ಸ್ ಹೈಸ್ಕೂಲಿನಲ್ಲಿ ಭಾಷಣ ಮಾಡುತ್ತಾ ಅಧ್ಯಕ್ಷ ಬರಾಕ್ ಒಬಾಮಾ ಅವರು, ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋದ ನಿರ್ದೇಶಕರಾಗಿ ರಿಚರ್ಡ್ ಕಾರ್ಡ್ರೇ ಅವರನ್ನು ನೇಮಿಸುತ್ತಿರುವುದಾಗಿ ಪ್ರಕಟಿಸಿದರು. ಅದೇ ದಿನ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ಶರಾನ್ ಬ್ಲಾಕ್, ರಿಚರ್ಡ್ ಗ್ರಿಫಿನ್, ಟೆರೆನ್ಸ್ ಫ್ಲಿನ್ ಎಂಬ ಮೂವರ ನೇಮಕವೂ ಆಯಿತು. ನಾಲ್ಕಕ್ಕೂ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಒಪ್ಪಿಗೆ ಇರಲಿಲ್ಲ. ಸೆನೆಟ್ ಬಿಡುವಿನಲ್ಲಿದೆ, ಆದ್ದರಿಂದ ಒಪ್ಪಿಗೆ ಬೇಕಿಲ್ಲ ಎಂದಿತು ಶ್ವೇತಭವನ. ಸೆನೆಟ್ಟಿನ ಕಡತ ಬೇರೆಯದನ್ನೇ ಹೇಳುತ್ತಿತ್ತು: ನಿನ್ನೆ ಸಭೆ ಸೇರಿದೆ, ನಾಡಿದ್ದು ಮತ್ತೆ ಸೇರಲಿದೆ.

ಎರಡೂವರೆ ವರ್ಷದ ನಂತರ, 2014ರ ಜೂನ್ 26ರಂದು, ನೋಯೆಲ್ ಕ್ಯಾನಿಂಗ್ ಎಂಬ ಕಂಪನಿಯ ಪ್ರಕರಣದಲ್ಲಿ, ಕಾರ್ಮಿಕ ಮಂಡಳಿಯ ಆ ಮೂರು ನೇಮಕಗಳು ಅಸಿಂಧು ಎಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಹೇಳಿದರು. ಒಬಾಮಾ ಅವರೇ ನೇಮಿಸಿದ್ದ ಇಬ್ಬರು ನ್ಯಾಯಮೂರ್ತಿಗಳೂ ಅವರಲ್ಲಿದ್ದರು. ನೇಮಕಗೊಂಡವರ ಯೋಗ್ಯತೆ ಅಲ್ಲಿ ಚರ್ಚೆಗೇ ಬರಲಿಲ್ಲ. ಸೋತದ್ದು ದಿನದ ಲೆಕ್ಕದಲ್ಲಿ. ಅಮೆರಿಕದಲ್ಲಿ ನೇಮಕದ ಜಗಳ ನೋಡುವವರು ಸಾಮಾನ್ಯವಾಗಿ ಯಾರನ್ನು ನೇಮಿಸಿದರು ಎಂಬುದನ್ನು ನೋಡುತ್ತಾರೆ. ಕುರ್ಚಿ ಎಷ್ಟು ಖಾಲಿ ಇವೆ, ಕೋರಂ (ತೀರ್ಮಾನಕ್ಕೆ ಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ) ಎಷ್ಟು, ಅವಧಿ ಯಾವತ್ತು ಮುಗಿಯುತ್ತದೆ, ಎರಡು ಬೈಠಕ್‌ಗಳ ನಡುವೆ ಎಷ್ಟು ದಿನ ಎಂಬುದನ್ನು ನೋಡದಿದ್ದರೆ ಈ ಜಗಳ ಅರ್ಥವಾಗುವುದಿಲ್ಲ.

ಎರಡು ಸಂಸ್ಥೆ, ಎರಡು ಇಕ್ಕಟ್ಟು

ಮೊದಲು ಕಾರ್ಮಿಕ ಮಂಡಳಿ. 1935ರ ಕಾಯ್ದೆಯಿಂದ ಹುಟ್ಟಿದ ಇದು ಮಾಲೀಕರು ಮತ್ತು ಕಾರ್ಮಿಕ ಸಂಘಗಳ ನಡುವಿನ ತಕರಾರುಗಳನ್ನು ತೀರ್ಮಾನಿಸುತ್ತದೆ. ಐದು ಸದಸ್ಯರು, ತಲಾ ಐದು ವರ್ಷದ ಅವಧಿ. ಅಧ್ಯಕ್ಷರ ಪಕ್ಷದವರು ಮೂವರು, ಎದುರು ಪಕ್ಷದವರು ಇಬ್ಬರು ಎಂಬುದು ರೂಢಿ. ಕೋರಂ ಮೂರು. ಈ ಮೂರು ಎಂಬ ಅಂಕಿಯಲ್ಲೇ ಮುಂದಿನ ಕತೆಯೆಲ್ಲ ಇದೆ.

2008ರ ಜನವರಿಯಿಂದ 2010ರ ಮಾರ್ಚ್‌ವರೆಗೆ, 27 ತಿಂಗಳು, ಮಂಡಳಿಯಲ್ಲಿ ಇದ್ದವರು ಇಬ್ಬರೇ. ಒಬ್ಬರು ಡೆಮಾಕ್ರಾಟ್, ಒಬ್ಬರು ರಿಪಬ್ಲಿಕನ್. ಇಬ್ಬರೂ ಒಪ್ಪಿದ ಪ್ರಕರಣಗಳನ್ನು ಮಾತ್ರ ಇತ್ಯರ್ಥ ಮಾಡುತ್ತಾ ಸುಮಾರು 600 ತೀರ್ಪು ಕೊಟ್ಟರು. 2010ರ ಜೂನ್ 17ರಂದು ಸುಪ್ರೀಂ ಕೋರ್ಟ್ ನ್ಯೂ ಪ್ರೊಸೆಸ್ ಸ್ಟೀಲ್ ಪ್ರಕರಣದಲ್ಲಿ 5-4ರ ಬಹುಮತದಿಂದ, ಇಬ್ಬರಿಗೆ ಆ ಅಧಿಕಾರವೇ ಇಲ್ಲ, ಕನಿಷ್ಠ ಮೂವರು ಇರಲೇಬೇಕು ಎಂದಿತು. ಅಂದಿನಿಂದ ವಿರೋಧ ಪಕ್ಷಕ್ಕೆ ಒಂದು ದಾರಿ ಖಚಿತವಾಗಿ ಗೊತ್ತಾಯಿತು. ಮಂಡಳಿಯ ಕಾಯ್ದೆಯನ್ನು ರದ್ದು ಮಾಡುವಷ್ಟು ಬಲ ಇಲ್ಲದಿದ್ದರೂ ಚಿಂತೆಯಿಲ್ಲ, ಮೂರನೆಯ ಕುರ್ಚಿ ತುಂಬದ ಹಾಗೆ ನೋಡಿಕೊಂಡರೆ ಸಾಕು.

ಆ ಹೊತ್ತಿಗೆ ಮೂರನೆಯ ಕುರ್ಚಿಯ ಜಗಳ ಶುರುವಾಗಿಯೂ ಆಗಿತ್ತು. ಒಬಾಮಾ 2009ರಲ್ಲಿ ಕಾರ್ಮಿಕ ಸಂಘಗಳ ವಕೀಲ ಕ್ರೇಗ್ ಬೆಕರ್ ಅವರ ಹೆಸರು ಕಳುಹಿಸಿದ್ದರು. 2010ರ ಫೆಬ್ರವರಿ 9ರಂದು ಚರ್ಚೆ ಮುಗಿಸಿ ಮತಕ್ಕೆ ಹಾಕುವ ಗೊತ್ತುವಳಿಗೆ ಪರವಾಗಿ 52, ವಿರುದ್ಧ 33 ಮತ ಬಿದ್ದವು. ಬೇಕಿದ್ದದ್ದು 60. ಸೆನೆಟ್ಟಿನ ನಿಯಮದಂತೆ 100ರಲ್ಲಿ 60 ಸದಸ್ಯರು ಕೂಡದೆ ಚರ್ಚೆ ನಿಲ್ಲುವಂತಿರಲಿಲ್ಲ. ಚರ್ಚೆ ನಿಲ್ಲದೆ ಮತದಾನವಿಲ್ಲ. ಫಿಲಿಬಸ್ಟರ್ ಎಂದರೆ ಇದು. ಮಾರ್ಚ್ 27ರಂದು ಒಬಾಮಾ ಬೆಕರ್ ಸೇರಿ 15 ಮಂದಿಯನ್ನು ಸೆನೆಟ್ ಬಿಡುವಿನಲ್ಲಿದ್ದಾಗ ನೇಮಿಸಿಬಿಟ್ಟರು. ಅಂಥ ನೇಮಕಕ್ಕೆ ಮುಕ್ತಾಯದ ದಿನ ನಿಗದಿಯಾಗಿರುತ್ತದೆ. ಬೆಕರ್ ಅವರದ್ದು 2012ರ ಜನವರಿ 3ರ ಮಧ್ಯಾಹ್ನ. ಆಗಸ್ಟ್ 2011ರಲ್ಲಿ ಮಂಡಳಿಯ ಮುಖ್ಯಸ್ಥೆ ವಿಲ್ಮಾ ಲೀಬ್‌ಮನ್ ಅವರ ಅವಧಿಯೂ ಮುಗಿದಿತ್ತು. ಜನವರಿ 3ರ ಮಧ್ಯಾಹ್ನ ಕಳೆದದ್ದೇ ಮಂಡಳಿಯಲ್ಲಿ ಉಳಿದವರು ಮಾರ್ಕ್ ಪಿಯರ್ಸ್ ಮತ್ತು ಬ್ರಯಾನ್ ಹೇಯ್ಸ್. ಇಬ್ಬರು. ಅಂದರೆ ಮಂಡಳಿಯ ಬಾಗಿಲು ಮುಚ್ಚಿದ ಲೆಕ್ಕ.

ಇನ್ನೊಂದು ಸಂಸ್ಥೆ ಗ್ರಾಹಕ ಬ್ಯೂರೋ. 2008ರ ಹಣಕಾಸು ಕುಸಿತದ ನಂತರ ಬಂದ ಡಾಡ್-ಫ್ರಾಂಕ್ ಕಾಯ್ದೆಯಿಂದ ಹುಟ್ಟಿದ್ದು, 2011ರ ಜುಲೈ 21ರಂದು ಕೆಲಸ ಶುರು ಮಾಡಿತು. ಮಂಡಳಿಯಿಲ್ಲ, ಒಬ್ಬನೇ ನಿರ್ದೇಶಕ. ಹಣ ಸಂಸತ್ತಿನ ಬಜೆಟ್ಟಿನಿಂದ ಬರುವುದಿಲ್ಲ, ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನಿಂದ ಬರುತ್ತದೆ. ನಿರ್ದೇಶಕರಿಲ್ಲದಿದ್ದರೆ ದೊಡ್ಡ ಬ್ಯಾಂಕುಗಳ ಮೇಲಿನ ಹಳೆಯ ಕಾನೂನುಗಳನ್ನು ಜಾರಿ ಮಾಡಬಹುದಿತ್ತು. ಸಂಬಳದ ದಿನಕ್ಕೆ ಕೈಸಾಲ ಕೊಡುವ ಅಂಗಡಿಗಳು, ಬ್ಯಾಂಕಲ್ಲದ ಗೃಹಸಾಲ ಸಂಸ್ಥೆಗಳು ಇಂಥವರ ಮೇಲಿನ ಹೊಸ ಅಧಿಕಾರ ಮಾತ್ರ ನಿರ್ದೇಶಕ ಬಂದ ಮೇಲೆಯೇ ಜೀವ ತಳೆಯುವಂತಿತ್ತು. ಬ್ಯೂರೋ ಕಟ್ಟಿದ್ದೇ ಮುಖ್ಯವಾಗಿ ಇವರ ಸಲುವಾಗಿ.

2011ರ ಮೇ ತಿಂಗಳಲ್ಲಿ 44 ರಿಪಬ್ಲಿಕನ್ ಸೆನೆಟರ್‌ಗಳು ಅಧ್ಯಕ್ಷರಿಗೆ ಪತ್ರ ಬರೆದರು. ಒಬ್ಬ ನಿರ್ದೇಶಕನ ಬದಲು ಮಂಡಳಿ ಬರಲಿ, ಬಜೆಟ್ ಸಂಸತ್ತಿನ ಕೈಗೆ ಬರಲಿ, ಅಲ್ಲಿಯವರೆಗೆ ಯಾರ ಹೆಸರು ಕಳುಹಿಸಿದರೂ ನಾವು ಒಪ್ಪುವುದಿಲ್ಲ ಎಂಬುದು ಅದರ ಸಾರ. ತಡೆಯಲು ಬೇಕಿದ್ದದ್ದು 41, ಸಹಿ ಬಿದ್ದದ್ದು 44. ಒಹಾಯೊದ ಮಾಜಿ ಅಟಾರ್ನಿ ಜನರಲ್ ಕಾರ್ಡ್ರೇ ಅವರ ಹೆಸರು ಜುಲೈನಲ್ಲಿ ಹೋಯಿತು. ಡಿಸೆಂಬರ್ 8ರಂದು ಪರವಾಗಿ 53, ವಿರುದ್ಧ 45. ಬಹುಮತ ಇತ್ತು, 60 ಇರಲಿಲ್ಲ. ಕಾರ್ಡ್ರೇ ಅಸಮರ್ಥರೆಂದು ಆ ಪತ್ರ ಹೇಳಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಅದನ್ನು ಬರೆದಾಗ ಅವರ ಹೆಸರೇ ಬಂದಿರಲಿಲ್ಲ. ಅಂಗೀಕಾರವಾಗಿಹೋದ ಒಂದು ಕಾಯ್ದೆಯನ್ನು ನೇಮಕ ತಡೆದು ತಿದ್ದಿಸುವ ಪ್ರಯತ್ನ ಅದು. ಸಂವಿಧಾನದ ಅಕ್ಷರದ ಮಟ್ಟಿಗೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ, ಏಕೆಂದರೆ ಬಂದ ಹೆಸರಿನ ಮೇಲೆ ಮತ ಹಾಕಲೇಬೇಕೆಂದು ಸೆನೆಟ್ಟಿಗೆ ಎಲ್ಲೂ ವಿಧಿಸಿಲ್ಲ. ಆದರೆ ಒಂದು ಸಂಸ್ಥೆ ಇದ್ದೂ ಇಲ್ಲದಂತೆ ಆಗುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನವೂ ಸಿಗದು.

ಬಿಡುವಿನ ನೇಮಕದ ಹಳೆಯ ದಾರಿ

ಅಮೆರಿಕದ ಸಂವಿಧಾನದ ಎರಡನೆಯ ಅನುಚ್ಛೇದದ ಪ್ರಕಾರ ಉನ್ನತ ಹುದ್ದೆಗೆ ಹೆಸರಿಸುವುದು ಅಧ್ಯಕ್ಷರು, ಒಪ್ಪುವುದು ಸೆನೆಟ್. ಅದಕ್ಕೆ ಅಂಟಿಕೊಂಡೇ ಇನ್ನೊಂದು ವಾಕ್ಯವಿದೆ: ಸೆನೆಟ್ ಬಿಡುವಿನಲ್ಲಿದ್ದಾಗ ತೆರವಾಗುವ ಹುದ್ದೆಗಳನ್ನು ಅಧ್ಯಕ್ಷರು ತಾವೇ ತುಂಬಬಹುದು, ಆ ನೇಮಕ ಸೆನೆಟ್ಟಿನ ಮುಂದಿನ ಅಧಿವೇಶನದ ಕೊನೆಯವರೆಗೆ ನಡೆಯುತ್ತದೆ. ನಮ್ಮಲ್ಲಿ ಸದನ ನಡೆಯದಿರುವಾಗ ಸುಗ್ರೀವಾಜ್ಞೆ ಹೊರಡಿಸುವ ಅವಕಾಶ ಇರುವಂತೆ, ಅಲ್ಲಿ ನೇಮಕಕ್ಕೆ ಇದು. ಬಳಕೆಯೂ ಹಾಗೆಯೇ ಜಾರಿತು: ತುರ್ತಿಗೆಂದು ಇಟ್ಟದ್ದು ವಿರೋಧವನ್ನು ಬಳಸಿ ದಾಟುವ ದಾರಿಯಾಯಿತು.

ಸಂವಿಧಾನ ಬರೆದ ಕಾಲದಲ್ಲಿ ಸೆನೆಟರ್‌ಗಳು ಕುದುರೆಯ ಮೇಲೆ ಊರಿಗೆ ಹೋಗಿ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. 1823ರಲ್ಲಿ ಅಟಾರ್ನಿ ಜನರಲ್ ವಿಲಿಯಂ ವರ್ಟ್ ಅವರು, ಹುದ್ದೆ ಮೊದಲೇ ತೆರವಾಗಿದ್ದು ಬಿಡುವಿನಲ್ಲಿ ಖಾಲಿ ಉಳಿದಿದ್ದರೂ ಸಾಕು ಎಂದು ಅರ್ಥ ಹೇಳಿದರು. ಸಂಸತ್ತಿಗೆ ಇದು ಹಿಡಿಸಲಿಲ್ಲ. 1863ರಲ್ಲಿ ಅಂಥವರಿಗೆ ಸಂಬಳವೇ ಇಲ್ಲವೆಂದು ಕಾನೂನು ಮಾಡಿತು, 1940ರಲ್ಲಿ ಅದನ್ನು ಸಡಿಲಿಸಿತು. ಅತಿರೇಕದ ಉದಾಹರಣೆ 1903ರ ಡಿಸೆಂಬರ್ 7ರದ್ದು. ಒಂದು ಅಧಿವೇಶನ ಮುಗಿದು ಇನ್ನೊಂದು ಶುರುವಾದ ಆ ಒಂದು ಕ್ಷಣವನ್ನೇ ಬಿಡುವೆಂದು ಎಣಿಸಿ ಥಿಯೋಡೋರ್ ರೂಸ್‌ವೆಲ್ಟ್ 160ಕ್ಕೂ ಹೆಚ್ಚು ನೇಮಕ ಮಾಡಿದರು. ಹೆಚ್ಚಿನವು ಸೇನಾಧಿಕಾರಿಗಳದ್ದು. ಚಾರ್ಲ್ಸ್‌ಟನ್ ಬಂದರಿನ ಸುಂಕಾಧಿಕಾರಿಯಾಗಿ ಕಪ್ಪು ವರ್ಣೀಯ ವೈದ್ಯ ವಿಲಿಯಂ ಕ್ರಮ್ ಅವರ ನೇಮಕವೂ ಅದರಲ್ಲಿತ್ತು. ದಕ್ಷಿಣದ ಸೆನೆಟರ್‌ಗಳು ಅದನ್ನು ಹಟ ಹಿಡಿದು ವಿರೋಧಿಸುತ್ತಿದ್ದರು. 1921ರಲ್ಲಿ ಅಟಾರ್ನಿ ಜನರಲ್ ಹ್ಯಾರಿ ಡಾಹರ್ಟಿ ಅವರು ಒಂದೇ ಅಧಿವೇಶನದ ಮಧ್ಯದ ದೀರ್ಘ ಬಿಡುವೂ ಬಿಡುವೇ ಎಂದರು. ಐದು, ಹತ್ತು ದಿನದ ಬಿಡುವು ಸಾಲದು ಎಂದೂ ಅದೇ ಉಸಿರಿನಲ್ಲಿ ಸೇರಿಸಿದರು. 90 ವರ್ಷದ ನಂತರ ಈ ಹತ್ತು ದಿನದ ಮಾತು ಮತ್ತೆ ಮೇಲೆದ್ದಿತು.

ಬಿಲ್ ಕ್ಲಿಂಟನ್ ಎಂಟು ವರ್ಷದಲ್ಲಿ ಇಂಥ 139 ನೇಮಕ ಮಾಡಿದರು, ಜಾರ್ಜ್ ಡಬ್ಲ್ಯು. ಬುಷ್ 171. ಬುಷ್ ಅವರನ್ನು ತಡೆಯಲು 2007ರ ನವೆಂಬರಿನಲ್ಲಿ ಸೆನೆಟ್ಟಿನ ಡೆಮಾಕ್ರಾಟ್ ನಾಯಕ ಹ್ಯಾರಿ ರೀಡ್ ಹೊಸ ಪಟ್ಟು ಹೂಡಿದರು: ಸೆನೆಟ್ ಬಿಡುವಿಗೇ ಹೋಗದಂತೆ ಮಾಡುವುದು. ಅಲ್ಲಿಂದಾಚೆ ಬುಷ್ ಒಂದೂ ಬಿಡುವಿನ ನೇಮಕ ಮಾಡಲಿಲ್ಲ. ಒಬಾಮಾ ಅವರ ಕೈ ಕಟ್ಟಿದ ಹಗ್ಗವನ್ನು ಹೊಸೆದವರು ಅವರ ಪಕ್ಷದವರೇ.

ಶಾಸ್ತ್ರಕ್ಕೊಂದು ಬೈಠಕ್

ಆ ಪಟ್ಟು ನಡೆಯುವುದು ಹೀಗೆ. ವಾಷಿಂಗ್ಟನ್ನಿನಲ್ಲೋ ಹತ್ತಿರದಲ್ಲೋ ಇರುವ ಒಬ್ಬ ಸೆನೆಟರ್ ಬೆಳಿಗ್ಗೆ ಖಾಲಿ ಸಭಾಂಗಣಕ್ಕೆ ಬರುತ್ತಾರೆ. ಸುತ್ತ 100 ಮೇಜು, ಯಾರೂ ಇಲ್ಲ. ಪೀಠದಲ್ಲಿ ನಿಂತು ಸುತ್ತಿಗೆ ಬಡಿಯುತ್ತಾರೆ. ಇವತ್ತು ಇವರು ಪೀಠದಲ್ಲಿರುತ್ತಾರೆ ಎಂಬ ಪತ್ರವನ್ನು ಗುಮಾಸ್ತರು ಓದುತ್ತಾರೆ. ಹಿಂದಿನ ಆದೇಶದಂತೆ ಸೆನೆಟ್ಟನ್ನು ಇಂಥ ದಿನ ಇಷ್ಟು ಗಂಟೆಗೆ ಮುಂದೂಡಲಾಗಿದೆ ಎಂದು ಪೀಠದಿಂದ ಹೇಳಿ ಮತ್ತೆ ಸುತ್ತಿಗೆ ಬಡಿದರೆ ಮುಗಿಯಿತು. ಎಲ್ಲ ಸೇರಿ ಅರ್ಧ ನಿಮಿಷ. ಪ್ರಾರ್ಥನೆಯಿಲ್ಲ, ಚರ್ಚೆಯಿಲ್ಲ, ಮತವಿಲ್ಲ. ಪ್ರೊ ಫಾರ್ಮಾ ಬೈಠಕ್ ಎಂದು ಇದಕ್ಕೆ ಹೆಸರು.

2011ರ ಡಿಸೆಂಬರ್ 17ರಂದು ಸೆನೆಟ್ ಯಾರ ಆಕ್ಷೇಪವೂ ಇಲ್ಲದೆ ಒಂದು ಆದೇಶ ಮಾಡಿಕೊಂಡಿತು: ಡಿಸೆಂಬರ್ 20ರಿಂದ ಜನವರಿ 23ರವರೆಗೆ ಪ್ರತಿ ಮಂಗಳವಾರ, ಶುಕ್ರವಾರ ಇಂಥ ಬೈಠಕ್ ಮಾತ್ರ, ಯಾವ ಕಾರ್ಯಕಲಾಪವೂ ಇಲ್ಲ. ಆಗ ಸೆನೆಟ್ಟಿನಲ್ಲಿ ಬಹುಮತ ಡೆಮಾಕ್ರಾಟರದ್ದೇ. ತಮ್ಮದೇ ಅಧ್ಯಕ್ಷರಿಗೆ ಅವರೇಕೆ ಅಡ್ಡ ಬಂದರು ಎಂಬುದಕ್ಕೆ ಉತ್ತರ ಸಂವಿಧಾನದ ಮೊದಲ ಅನುಚ್ಛೇದದಲ್ಲಿದೆ. ಒಂದು ಸದನ ಇನ್ನೊಂದರ ಒಪ್ಪಿಗೆಯಿಲ್ಲದೆ ಮೂರು ದಿನಕ್ಕಿಂತ ಹೆಚ್ಚು ಮುಂದೂಡಿಕೊಳ್ಳುವಂತಿಲ್ಲ. ಕೆಳಮನೆಯಾದ ಪ್ರತಿನಿಧಿ ಸಭೆ ರಿಪಬ್ಲಿಕನ್ನರ ಕೈಯಲ್ಲಿತ್ತು. ಅವರು ಒಪ್ಪಿಗೆ ಕೊಡಲಿಲ್ಲ. ನೇಮಕದ ವಿಷಯದಲ್ಲಿ ಪ್ರತಿನಿಧಿ ಸಭೆಗೆ ಯಾವ ಅಧಿಕಾರವೂ ಇಲ್ಲ. ಆದರೂ ಈ ಮೂರು ದಿನದ ನಿಯಮ ಹಿಡಿದು ಅದು ನೇಮಕದ ಕೀಲಿಕೈಯನ್ನೇ ಹಿಡಿದುಕೊಂಡಿತು.

ಡಿಸೆಂಬರ್ 23, ಶುಕ್ರವಾರದ ಬೈಠಕ್ಕಿನಲ್ಲಿ ನಡೆದದ್ದು ಮುಂದೆ ಸರ್ಕಾರಕ್ಕೆ ಬಲು ದುಬಾರಿಯಾಯಿತು. ಸಂಬಳದ ಮೇಲಿನ ತೆರಿಗೆ ಕಡಿತವನ್ನು ಎರಡು ತಿಂಗಳು ಮುಂದುವರಿಸುವ ಮಸೂದೆ ಸಿಕ್ಕಿಕೊಂಡು ನಿಂತಿತ್ತು. ಕಾರ್ಯಕಲಾಪವಿಲ್ಲ ಎಂದು ಬರೆದುಕೊಂಡಿದ್ದ ಸೆನೆಟ್, ಅದೇ ಬೈಠಕ್ಕಿನಲ್ಲಿ ಸರ್ವಾನುಮತದಿಂದ ಅದನ್ನು ಅಂಗೀಕರಿಸಿತು. ಒಬಾಮಾ ಅದೇ ದಿನ ಸಹಿ ಹಾಕಿದರು. ಜನವರಿ 3, ಮಂಗಳವಾರದ ಬೈಠಕ್ಕಿಗೂ ಒಂದು ತೂಕವಿತ್ತು. 20ನೇ ತಿದ್ದುಪಡಿಯ ಪ್ರಕಾರ, ಕಾನೂನು ಮಾಡಿ ಬೇರೆ ದಿನ ಗೊತ್ತುಪಡಿಸದಿದ್ದರೆ, ಪ್ರತಿ ವರ್ಷ ಜನವರಿ 3ರ ಮಧ್ಯಾಹ್ನ ಸಂಸತ್ತು ಸೇರಲೇಬೇಕು. ಆ ಅರ್ಧ ನಿಮಿಷದಿಂದಲೇ ಆ ವಿಧಿ ಪಾಲನೆಯಾಗಿ ಹೊಸ ಅಧಿವೇಶನ ಶುರುವಾಯಿತು.

ಶ್ವೇತಭವನದ ಲೆಕ್ಕ ಎಲ್ಲಿ ತಪ್ಪಿತು

ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿಯ ಮುಖ್ಯಸ್ಥೆ ವರ್ಜೀನಿಯಾ ಸೈಟ್ಜ್ ಅವರ ಅಭಿಪ್ರಾಯಪತ್ರದ ಮೇಲಿನ ತಾರೀಖು ಜನವರಿ 6. ವಾದ ಸರಳ: ಕಾರ್ಯಕಲಾಪ ನಡೆಸದ ಬೈಠಕ್ಕಿನಲ್ಲಿ ಸೆನೆಟ್ ಯಾವ ಹೆಸರನ್ನೂ ಪರಿಶೀಲಿಸುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ಅವನ್ನು ಲೆಕ್ಕಕ್ಕೆ ಹಿಡಿಯದೆ ಜನವರಿ 3ರಿಂದ 23ರವರೆಗೆ ಒಂದೇ 20 ದಿನದ ಬಿಡುವೆಂದು ಎಣಿಸಬಹುದು.

4ನೇ ತಾರೀಖನ್ನು ಆರಿಸಿಕೊಂಡದ್ದರಲ್ಲಿ ಒಂದು ಲಾಭವಿತ್ತು. 3ರ ಮಧ್ಯಾಹ್ನಕ್ಕೆ ಮೊದಲು ನೇಮಿಸಿದ್ದರೆ, ಮುಂದಿನ ಅಧಿವೇಶನ ಎಂದರೆ 2012ರದ್ದು. ಅವಧಿ ಒಂದೇ ವರ್ಷ. ಹೊಸ ಅಧಿವೇಶನ ಶುರುವಾದ ಮೇಲೆ ನೇಮಿಸಿದರೆ ಮುಂದಿನದು ಎಂದರೆ 2013ರದ್ದು. ಎರಡು ವರ್ಷ ಸಿಗುತ್ತದೆ. ಆದರೆ ಈ ಲಾಭಕ್ಕೆ ತೆತ್ತ ಬೆಲೆ ದೊಡ್ಡದು. ಎರಡು ಅಧಿವೇಶನಗಳ ನಡುವಿನ ಸಂದಿಯಲ್ಲಿ ನೇಮಿಸಿದ್ದರೆ ರೂಸ್‌ವೆಲ್ಟ್ ಅವರ ಪೂರ್ವನಿದರ್ಶನವಾದರೂ ಬೆನ್ನಿಗಿರುತ್ತಿತ್ತು, ಅದು ಎಷ್ಟೇ ದುರ್ಬಲವಾಗಿದ್ದರೂ. 4ರಂದು ನೇಮಿಸಬೇಕಾದರೆ ಜನವರಿ 3ರ ಬೈಠಕ್ಕಿನಿಂದ ಹೊಸ ಅಧಿವೇಶನ ಶುರುವಾಯಿತು ಎಂದು ಒಪ್ಪಬೇಕು, 6ರ ಬೈಠಕ್ ಬೈಠಕ್ಕೇ ಅಲ್ಲ ಎಂದೂ ವಾದಿಸಬೇಕು. ಎರಡೂ ಒಂದೇ ಬಗೆಯ ಅರ್ಧ ನಿಮಿಷ. ಇಡೀ ಪ್ರಕರಣದ ಬಿರುಕು ಇದೇ. ಆ ಬೈಠಕ್‌ಗಳು ಹುಸಿ ಎನ್ನುವುದಾದರೆ 20ನೇ ತಿದ್ದುಪಡಿಯನ್ನೂ ಮೂರು ದಿನದ ನಿಯಮವನ್ನೂ ಸೆನೆಟ್ ಉಲ್ಲಂಘಿಸಿದೆ ಎನ್ನಬೇಕಾಗುತ್ತದೆ. ಡಿಸೆಂಬರ್ 23ರಂದು ಅಂಥದ್ದೇ ಬೈಠಕ್ಕಿನಲ್ಲಿ ಪಾಸಾದ ಮಸೂದೆಗೆ ಸಹಿ ಹಾಕಿದವರು ಹಾಗೆ ಹೇಳುವುದು ಹೇಗೆ?

ಇನ್ನೊಂದು ತಪ್ಪು ಅಷ್ಟಾಗಿ ಚರ್ಚೆಯಾಗಿಲ್ಲ. ಕಾರ್ಡ್ರೇ ಅವರ ಹೆಸರು ಸುಮಾರು ಆರು ತಿಂಗಳು ಕಾದಿತ್ತು, ಸದನದಲ್ಲಿ ತಡೆಯಾಗಿತ್ತು. ಅಡ್ಡಿ ಮಾಡಿದರು ಎಂಬ ದೂರಿಗೆ ಅಲ್ಲಿ ಆಧಾರವಿತ್ತು. ಬ್ಲಾಕ್ ಮತ್ತು ಗ್ರಿಫಿನ್ ಅವರ ಹೆಸರು ಸೆನೆಟ್ಟಿಗೆ ಹೋದದ್ದೇ ಡಿಸೆಂಬರ್ 15ರಂದು, ಸೆನೆಟ್ ಹೊರಡುವುದಕ್ಕೆ ಎರಡು ದಿನ ಮುಂಚೆ. ಅವರ ಅರ್ಜಿಗಳನ್ನು ಓದಲೂ ಸಮಯವಿರಲಿಲ್ಲ. ಬಲವಾದ ಪ್ರಕರಣವನ್ನೂ ಬಲವಿಲ್ಲದ್ದನ್ನೂ ಒಂದೇ ದಿನದ ನೊಗಕ್ಕೆ ಕಟ್ಟಿದರು. ನ್ಯಾಯಾಲಯದ ಮುಂದೆ ಮೊದಲು ಬಂದದ್ದು ಬಲವಿಲ್ಲದ್ದು.

ಯಾಕಿಮಾದ ಬಾಟ್ಲಿಂಗ್ ಕಂಪನಿ

ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಿನಲ್ಲಿ ಪೆಪ್ಸಿ ತುಂಬಿಸಿ ಹಂಚುವ ನೋಯೆಲ್ ಕ್ಯಾನಿಂಗ್ ಎಂಬ ಕಂಪನಿಯಿದೆ. ಅಲ್ಲಿನ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ 760ನೇ ಘಟಕದ ಜೊತೆ ವೇತನ ಒಪ್ಪಂದದ ಮಾತುಕತೆಯ ಕೊನೆಯ ಸುತ್ತು ನಡೆದದ್ದು 2010ರ ಡಿಸೆಂಬರ್ 8ರಂದು. ವೇತನ ಮತ್ತು ಪಿಂಚಣಿಯ ಎರಡು ಬಗೆಯ ಹಂಚಿಕೆಯನ್ನು ಕಾರ್ಮಿಕರ ಮುಂದಿಟ್ಟು ಮತಕ್ಕೆ ಹಾಕುವುದು, ಗೆದ್ದದ್ದನ್ನು ಒಪ್ಪಂದದಲ್ಲಿ ಸೇರಿಸುವುದು ಎಂದು ಬಾಯಿಮಾತಿನಲ್ಲಿ ತೀರ್ಮಾನವಾಯಿತು ಎಂಬುದು ಸಂಘದ ವಾದ. ಸಂಘಕ್ಕೆ ಬೇಕಾದ ಹಂಚಿಕೆಗೆ ಮತ ಬಿತ್ತು. ಒಪ್ಪಂದವೇ ಆಗಿಲ್ಲ ಎಂದು ಕಂಪನಿ ಸಹಿ ಹಾಕಲಿಲ್ಲ. ಆಡಿದ ಮಾತನ್ನು ಕಾಗದಕ್ಕಿಳಿಸಿ ಸಹಿ ಹಾಕದಿರುವುದು ಕಾರ್ಮಿಕ ಕಾಯ್ದೆಯ ಉಲ್ಲಂಘನೆ ಎಂದು 2012ರ ಫೆಬ್ರವರಿ 8ರಂದು ಮಂಡಳಿ ತೀರ್ಪಿತ್ತಿತು. ಪೀಠದಲ್ಲಿದ್ದವರು ಹೇಯ್ಸ್, ಫ್ಲಿನ್ ಮತ್ತು ಬ್ಲಾಕ್.

ಮೂವರಲ್ಲಿ ಇಬ್ಬರು ಜನವರಿ 4ರವರು. ಕಂಪನಿಯ ವಕೀಲರಿಗೆ ಹಿಡಿಯಲು ಅದೇ ಸಿಕ್ಕಿತು. ಮಂಡಳಿಯ ತೀರ್ಪಿನಿಂದ ನೊಂದವರು ತಮ್ಮ ಪ್ರಾಂತದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು, ಅಥವಾ ದೇಶದ ಯಾವ ಮೂಲೆಯವರಾದರೂ ರಾಜಧಾನಿಯ ಮೇಲ್ಮನವಿ ನ್ಯಾಯಾಲಯವಾದ ಡಿ.ಸಿ. ಸರ್ಕ್ಯೂಟಿಗೆ ಹೋಗಬಹುದು ಎಂದು ಕಾಯ್ದೆಯಲ್ಲೇ ಇದೆ. ಕಂಪನಿ ಡಿ.ಸಿ.ಗೆ ಹೋಯಿತು. 2013ರ ಜನವರಿ 25ರಂದು ಬಂದ ತೀರ್ಪಿನಲ್ಲಿ ನ್ಯಾಯಾಲಯ ಮೊದಲು ಬಾಯಿಮಾತಿನ ಒಪ್ಪಂದದ ಪ್ರಶ್ನೆಯನ್ನು ನೋಡಿತು. ಅಷ್ಟೇ ಆಗಿದ್ದರೆ ಮಂಡಳಿಯ ತೀರ್ಪನ್ನು ಎತ್ತಿಹಿಡಿಯುತ್ತಿದ್ದೆವು ಎಂದಿತು. ಆಮೇಲೆ ಸಂವಿಧಾನದ ಪ್ರಶ್ನೆಗೆ ಬಂದು, ಬಹು ದೂರ ಹೋಯಿತು: ಬಿಡುವು ಎಂದರೆ ಎರಡು ಅಧಿವೇಶನಗಳ ನಡುವಿನದು ಮಾತ್ರ, ಮೂವರಲ್ಲಿ ಇಬ್ಬರು ನ್ಯಾಯಾಧೀಶರ ಪ್ರಕಾರ ಹುದ್ದೆ ತೆರವಾಗಿರಬೇಕಾದದ್ದೂ ಆ ಬಿಡುವಿನಲ್ಲೇ. ಇದು ನಿಂತರೆ ವರ್ಟ್ ಅವರ ಕಾಲದಿಂದ ಬಂದ ರೂಢಿಯೆಲ್ಲ ಬಿದ್ದಂತೆ. ಅದೇ ವರ್ಷ ಮೂರನೆಯ ಮತ್ತು ನಾಲ್ಕನೆಯ ಸರ್ಕ್ಯೂಟ್‌ಗಳೂ ಬಿಡುವಿನ ಅರ್ಥದ ಬಗ್ಗೆ ಹೀಗೆಯೇ ಹೇಳಿದವು.

ಸೆನೆಟ್ಟಿನೊಳಗೆ

ಪ್ರಕರಣ ಸುಪ್ರೀಂ ಕೋರ್ಟಿನಲ್ಲಿರುವಾಗಲೇ ರಾಜಕೀಯ ಬೇರೆ ದಾರಿ ಹಿಡಿಯಿತು. ಸರಳ ಬಹುಮತದಿಂದ ನೇಮಕ ಒಪ್ಪುವಂತೆ ನಿಯಮವನ್ನೇ ಬದಲಿಸುತ್ತೇನೆಂದು ರೀಡ್ ಬೆದರಿಸಿದರು. 2013ರ ಜುಲೈ 15ರ ಸಂಜೆ ಎರಡೂ ಪಕ್ಷದ ಸೆನೆಟರ್‌ಗಳು ಹಳೆಯ ಸೆನೆಟ್ ಸಭಾಂಗಣದಲ್ಲಿ ಬಾಗಿಲು ಹಾಕಿಕೊಂಡು ಮೂರು ಗಂಟೆಗೂ ಹೆಚ್ಚು ಮಾತಾಡಿದರು. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ನಡುವೆ ನಿಂತು ರಾಜಿ ಮಾಡಿಸಿದರು. ಮರುದಿನ ಕಾರ್ಡ್ರೇ 66-34ರಿಂದ ಪಾಸಾದರು. ಬ್ಲಾಕ್ ಮತ್ತು ಗ್ರಿಫಿನ್ ಅವರ ಹೆಸರುಗಳನ್ನು ಒಬಾಮಾ ಹಿಂತೆಗೆದುಕೊಂಡು, ಅದೇ ಒಲವಿನ ಬೇರೆ ಇಬ್ಬರನ್ನು ಕಳುಹಿಸಿದರು. ಜುಲೈ 30ರಂದು ಐದೂ ಕುರ್ಚಿಗಳು ಸೆನೆಟ್ಟಿನ ಒಪ್ಪಿಗೆಯಿಂದಲೇ ತುಂಬಿದವು.

ರಾಜಿ ನಾಲ್ಕು ತಿಂಗಳು ಬಾಳಿತು. ಡಿ.ಸಿ. ಸರ್ಕ್ಯೂಟಿನ ಮೂರು ನ್ಯಾಯಾಧೀಶ ಹುದ್ದೆಗಳಿಗೆ ಬಂದ ಹೆಸರುಗಳನ್ನು ರಿಪಬ್ಲಿಕನ್ನರು ತಡೆದಾಗ, ನವೆಂಬರ್ 21ರಂದು ಡೆಮಾಕ್ರಾಟರು 52-48ರಿಂದ 60ರ ನಿಯಮವನ್ನು ಮುರಿದರು. ಸುಪ್ರೀಂ ಕೋರ್ಟ್ ಬಿಟ್ಟು ಉಳಿದೆಲ್ಲ ನೇಮಕಕ್ಕೆ ಅಂದಿನಿಂದ ಸರಳ ಬಹುಮತ ಸಾಕು. ಉಳಿಸಿದ್ದ ಆ ಒಂದನ್ನು 2017ರ ಏಪ್ರಿಲ್ 6ರಂದು ಮಿಚ್ ಮೆಕಾನೆಲ್ ನೇತೃತ್ವದ ರಿಪಬ್ಲಿಕನ್ನರು, ಸುಪ್ರೀಂ ಕೋರ್ಟಿಗೆ ಹೆಸರಿಸಲಾಗಿದ್ದ ನೀಲ್ ಗೋರ್ಸಚ್ ಅವರಿಗಾಗಿ ಮುರಿದರು.

ಸುಪ್ರೀಂ ಕೋರ್ಟ್ ಕೊಟ್ಟ ಅಳತೆಗೋಲು

ತೀರ್ಪು 9-0 ಆದರೂ ಒಳಗೆ ಎರಡು ಪಾಲು. ಸ್ಟೀಫನ್ ಬ್ರೇಯರ್ ಬರೆದ ಐವರ ಬಹುಮತದ ತೀರ್ಪು, ಬಿಡುವು ಒಂದೇ ಅಧಿವೇಶನದ ಮಧ್ಯದ್ದಾದರೂ ನಡೆಯುತ್ತದೆ, ಹುದ್ದೆ ಮೊದಲೇ ತೆರವಾಗಿದ್ದರೂ ನಡೆಯುತ್ತದೆ ಎಂದಿತು. 200 ವರ್ಷದ ರೂಢಿಗೆ ತೂಕ ಕೊಟ್ಟಿತು. ಆಂಟೊನಿನ್ ಸ್ಕಲಿಯಾ ಸೇರಿ ನಾಲ್ವರು ಇವೆರಡನ್ನೂ ಒಪ್ಪಲಿಲ್ಲ, ಫಲಿತಾಂಶವನ್ನಷ್ಟೇ ಒಪ್ಪಿದರು.

ನೇಮಕ ಮಾಡುವವರಿಗೆ ಬೇಕಾದ ಅಂಕಿಗಳು ಬಹುಮತದ ತೀರ್ಪಿನಲ್ಲಿವೆ. ಮೂರು ದಿನದ ಬಿಡುವು ಸಾಲದು. ಮೂರಕ್ಕಿಂತ ಹೆಚ್ಚು, ಹತ್ತಕ್ಕಿಂತ ಕಡಿಮೆ ಇದ್ದರೆ ಸಾಲದೆಂದೇ ಭಾವಿಸಬೇಕು. ರಾಷ್ಟ್ರೀಯ ದುರಂತದಂಥ ಅಸಾಧಾರಣ ಸನ್ನಿವೇಶಕ್ಕೆ ಮಾತ್ರ ವಿನಾಯಿತಿ. ಸೆನೆಟ್ ತಾನು ಸೇರಿದ್ದೇನೆಂದು ಹೇಳಿದರೆ, ತನ್ನ ನಿಯಮದಂತೆ ಕಲಾಪ ನಡೆಸುವ ಸಾಮರ್ಥ್ಯ ಉಳಿಸಿಕೊಂಡಿದ್ದರೆ, ಅದು ಸೇರಿದೆ ಎಂದೇ ಲೆಕ್ಕ. ಕಲಾಪ ನಡೆಸಿತೇ ಎಂಬುದು ಮುಖ್ಯವಲ್ಲ, ನಡೆಸಬಲ್ಲದೇ ಎಂಬುದು ಮುಖ್ಯ. ಡಿಸೆಂಬರ್ 23ರ ತೆರಿಗೆ ಮಸೂದೆ ಇಲ್ಲಿ ಸಾಕ್ಷಿಯಾಗಿ ನಿಂತಿತು. ಹಾಗಾದರೆ ಜನವರಿ 4ರಂದು ಇದ್ದದ್ದು 3ರಿಂದ 6ರವರೆಗಿನ ಮೂರು ದಿನದ ಬಿಡುವಷ್ಟೇ. ಮೇಲ್ನೋಟಕ್ಕೆ ಅಧಿಕಾರವನ್ನು ಅಗಲವಾಗಿ ಉಳಿಸಿದ ತೀರ್ಪು, ಅದಕ್ಕೆ ಬೀಗ ಹಾಕುವ ಸುಲಭ ವಿಧಾನವನ್ನೂ ಊರ್ಜಿತಗೊಳಿಸಿತು. ಒಂದು ಸದನ ಎದುರು ಪಕ್ಷದ ಕೈಯಲ್ಲಿದ್ದರೆ ಸಾಕು, ಮೂರು ದಿನಕ್ಕೊಮ್ಮೆ ಸುತ್ತಿಗೆ ಬಡಿಸಬಹುದು. ಒಬಾಮಾ ಅವರ ಒಟ್ಟು ಬಿಡುವಿನ ನೇಮಕ 32ಕ್ಕೆ ನಿಂತಿತು. 2012ರ ಆ ನಾಲ್ಕರ ನಂತರ 2024ರ ಕೊನೆಯವರೆಗೆ ಯಾವ ಅಧ್ಯಕ್ಷರೂ ಒಂದನ್ನೂ ಮಾಡಲಿಲ್ಲ. 2020ರ ಏಪ್ರಿಲಿನಲ್ಲಿ ಡೊನಾಲ್ಡ್ ಟ್ರಂಪ್ ಎರಡೂ ಸದನಗಳನ್ನು ತಾವೇ ಮುಂದೂಡುವುದಾಗಿ ಹೇಳಿದರು, ಮುಂದೂಡಲಿಲ್ಲ. 2024ರ ನವೆಂಬರಿನಲ್ಲಿ ಬಿಡುವಿನ ನೇಮಕಕ್ಕೆ ದಾರಿ ಬಿಡಿ ಎಂದು ತಮ್ಮದೇ ಪಕ್ಷದ ಸೆನೆಟರ್‌ಗಳನ್ನು ಕೇಳಿದರು.

ದಾರಿ ಮುಚ್ಚಿದ್ದರ ಪರಿಣಾಮ ಕನ್ನಡಿಗರಿಗೆ ಪರಿಚಿತವಾದ ಒಂದು ಹೆಸರಿನಲ್ಲಿ ಕಾಣುತ್ತದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರನ್ನು ಒಬಾಮಾ 2013ರ ನವೆಂಬರಿನಲ್ಲಿ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವಕ್ತಾರರ ಹುದ್ದೆಗೆ ಹೆಸರಿಸಿದರು. ಬಂದೂಕು ಆರೋಗ್ಯದ ಪ್ರಶ್ನೆ ಎಂದು 2012ರಲ್ಲಿ ಅವರು ಟ್ವೀಟ್ ಮಾಡಿದ್ದರು. ಬಂದೂಕು ಹಕ್ಕಿನ ಪ್ರಬಲ ಸಂಘಟನೆ ಎನ್‌ಆರ್‌ಎ ವಿರೋಧಿಸಿತು. ಆಗ ಬೇಕಿದ್ದದ್ದು ಬರೀ 51. ಚುನಾವಣೆ ಎದುರಿಗಿದ್ದ ಕೆಲವು ಡೆಮಾಕ್ರಾಟರೇ ಹಿಂಜರಿದರು. ಎಬೋಲಾ ಭೀತಿಯ 2014ರ ಶರತ್ಕಾಲವನ್ನು ದೇಶ ಹಂಗಾಮಿ ಸರ್ಜನ್ ಜನರಲ್ ಕೈಯಲ್ಲಿ ಕಳೆಯಿತು. ಚುನಾವಣೆ ಮುಗಿದ ಮೇಲೆ, ಡಿಸೆಂಬರ್ 15ರಂದು, 51-43ರಿಂದ ಅವರು ಪಾಸಾದರು. 13 ತಿಂಗಳು. ಹಿಂದಿನ ಕಾಲವಾಗಿದ್ದರೆ ಆಗಸ್ಟಿನ ಬಿಡುವಿನಲ್ಲಿ ನೇಮಕ ಮುಗಿದಿರುತ್ತಿತ್ತು.

ಬಿದ್ದದ್ದನ್ನು ಎತ್ತಿ ನಿಲ್ಲಿಸುವ ಕೆಲಸ

ಎರಡೂ ಸಂಸ್ಥೆಗಳ ಗಾಯ ಒಂದೇ ಆದರೂ ಮದ್ದು ಬೇರೆ. ಕಾರ್ಡ್ರೇ ಸೆನೆಟ್ಟಿನಲ್ಲಿ ಪಾಸಾದ ಏಳು ವಾರದೊಳಗೆ, 2013ರ ಆಗಸ್ಟ್ 30ರಂದು, ಬಿಡುವಿನ ನೇಮಕದ ಕಾಲದಲ್ಲಿ ತಾವು ಮಾಡಿದ್ದೆಲ್ಲವನ್ನೂ ಅನುಮೋದಿಸುವ ಒಂದು ಪ್ರಕಟಣೆ ಹೊರಡಿಸಿದರು. ಸುಪ್ರೀಂ ಕೋರ್ಟ್ ತೀರ್ಪಿಗೆ ಹತ್ತು ತಿಂಗಳು ಮುಂಚೆಯೇ ಕೊಡೆ ಬಿಡಿಸಿಟ್ಟಂತಾಯಿತು. ಆ ಅನುಮೋದನೆ ನಡೆಯುತ್ತದೆ ಎಂದು ಒಂಬತ್ತನೆಯ ಸರ್ಕ್ಯೂಟ್ 2016ರಲ್ಲಿ ಹೇಳಿತು. ಒಬ್ಬನೇ ನಿರ್ದೇಶಕ ಇದ್ದದ್ದರಿಂದ ಒಂದೇ ಸಹಿಯಲ್ಲಿ ಕೆಲಸ ಮುಗಿಯಿತು.

ಕಾರ್ಮಿಕ ಮಂಡಳಿಗೆ ಹಾಗಾಗಲಿಲ್ಲ. ಆಡಳಿತ, ಸಿಬ್ಬಂದಿ, ಖರೀದಿಯ ತೀರ್ಮಾನಗಳನ್ನು, 2012ರ ಜನವರಿ 4ರಿಂದ 2013ರ ಆಗಸ್ಟ್ 5ರವರೆಗಿನದನ್ನೆಲ್ಲ, 2014ರ ಜುಲೈನಲ್ಲಿ ಒಟ್ಟಾಗಿ ಅನುಮೋದಿಸಿದರು. ಪ್ರಾದೇಶಿಕ ನಿರ್ದೇಶಕರ ನೇಮಕವೂ ಇದರಲ್ಲೇ ಬಂತು. ಬಿಟ್ಟಿದ್ದರೆ ಆ ನಿರ್ದೇಶಕರು ಹೊರಡಿಸಿದ ದೂರುಗಳೂ ಬೀಳುತ್ತಿದ್ದವು. ತೀರ್ಪುಗಳನ್ನು ಮಾತ್ರ ಹೀಗೆ ಸಗಟಾಗಿ ಊರ್ಜಿತ ಮಾಡುವಂತಿರಲಿಲ್ಲ. ನೂರಾರು ತೀರ್ಪುಗಳ ಮೇಲೆ ಪ್ರಶ್ನೆ ಎದ್ದಿತ್ತು. ಮೇಲ್ಮನವಿಯಲ್ಲಿದ್ದ ಪ್ರತಿಯೊಂದನ್ನೂ ವಾಪಸ್ ತಂದು, ಸಕ್ರಮ ಪೀಠದ ಮುಂದಿಟ್ಟು, ಕಡತ ಓದಿ, ಮತ್ತೆ ಬರೆಯಬೇಕಿತ್ತು. ಹೆಚ್ಚಿನವುಗಳಲ್ಲಿ ಫಲಿತಾಂಶ ಬದಲಾಗಲಿಲ್ಲ. ಕಾದವರು ಮಾತ್ರ ಕೆಲಸ ಕಳೆದುಕೊಂಡ ನೌಕರರು, ಸಹಿಗಾಗಿ ಕೂತ ಸಂಘಗಳು.

ಕೋರಂ ಎಂಬ ಆ ಮೂರರ ಗೋಜಲು ಆಮೇಲೂ ಬಿಡಲಿಲ್ಲ. 2025ರ ಜನವರಿ ಕೊನೆಯಲ್ಲಿ ಟ್ರಂಪ್ ಅವರು ಸದಸ್ಯೆ ಗ್ವಿನ್ ವಿಲ್ಕಾಕ್ಸ್ ಅವರನ್ನು ಅವಧಿಗೆ ಮುನ್ನವೇ ವಜಾ ಮಾಡಿದಾಗ ಮಂಡಳಿಯಲ್ಲಿ ಮತ್ತೆ ಇಬ್ಬರೇ ಉಳಿದರು. ಈ ಬಾರಿ ಕುರ್ಚಿ ತುಂಬಲು ಬಿಡದೆ ಅಲ್ಲ, ತುಂಬಿದ್ದನ್ನು ತೆರವು ಮಾಡಿ.

ನೋಯೆಲ್ ಕ್ಯಾನಿಂಗ್ ಕಡತವೂ ಮಂಡಳಿಗೆ ಮರಳಿ ಬಂತು. 2014ರ ಡಿಸೆಂಬರಿನಲ್ಲಿ ಹೊಸ ಪೀಠ ಮೊದಲಿನ ನಿರ್ಧಾರವನ್ನೇ ಎತ್ತಿಹಿಡಿಯಿತು: ಒಪ್ಪಂದ ಆಗಿತ್ತು, ಕಂಪನಿ ಸಹಿ ಹಾಕಬೇಕಿತ್ತು. ಕಂಪನಿ ಮತ್ತೆ ಡಿ.ಸಿ. ಸರ್ಕ್ಯೂಟಿಗೆ ಹೋಯಿತು. 2016ರಲ್ಲಿ ಆ ನ್ಯಾಯಾಲಯ ಮಂಡಳಿಯ ಪರವಾಗಿ ತೀರ್ಪು ಕೊಟ್ಟಿತು. ಯಾಕಿಮಾದ ಕಾರ್ಮಿಕರು ತಮ್ಮ ಪಿಂಚಣಿಯ ಹಂಚಿಕೆಗೆ ಮತ ಹಾಕಿ ಆಗ ಐದು ವರ್ಷ ದಾಟಿತ್ತು.